ಒಂಬತ್ತು ಕಿಟಕಿಯ ಪರದೆ

ಸೊಸೆ ಅತ್ತೆಗೆ ಹೇಳಿದ ಸುಳ್ಳು ಉದ್ದವಾದದ್ದೇನಲ್ಲ. "ಹೂಂ" ಅಂದಳು, ಅಷ್ಟೆ. ಆಗ ಬಯಲು ಸಂಗೀತ ಮೇಳಕ್ಕೆ ಇನ್ನೂ ನಾಲ್ಕು ದಿನವಿತ್ತು. ವೇದಿಕೆಯ ಹಿಂದೆ ಕಟ್ಟುವ ಪರದೆ ಹೊಲಿಗೆ ಅಂಗಡಿಯ ತುಂಬ ಬಿದ್ದುಕೊಂಡಿತ್ತು. ಅಂಗಡಿ ಅಂದರೆ ಮನೆಯ ಮುಂದಿನ ಕೋಣೆಯೇ. ಎರಡು ಮಿಷನ್ನು, ಒಂದು ಇಸ್ತ್ರಿ ಮೇಜು, ಗೋಡೆಗೆ ಒರಗಿಸಿದ ಮಂಚ, ಎಲ್ಲವೂ ಪರದೆಯ ಕೆಳಗೆ ಮುಳುಗಿಹೋಗಿ ಕಾಲಿಡಲು ಜಾಗವಿರಲಿಲ್ಲ. ಅತ್ತೆ ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಕೂತು ಬಟ್ಟೆಯ ಒಂದು ಅಂಚನ್ನು ಬೆರಳಲ್ಲಿ ಸವರುತ್ತಿದ್ದಳು. ಎರಡು ವರ್ಷದಿಂದ ಅವಳ ಕಣ್ಣಿಗೆ ಬೆಳಕು ಯಾವುದು ನೆರಳು ಯಾವುದು ಅನ್ನುವಷ್ಟೇ ಗೊತ್ತಾಗುತ್ತಿತ್ತು.

"ಕಿಟಕಿಗೆ ಹತ್ತಿ ದಾರಾನೇ ಹಾಕಿದ್ದೀಯಲ್ವಾ?" ಎಂದು ಕೇಳಿದಳು ಅತ್ತೆ.

"ಹೂಂ."

ಹಾಕಿದ್ದು ನೈಲಾನ್ ದಾರ. ಶಾಲೆಯ ಬ್ಯಾಗಿನ ಪಟ್ಟಿ ಹೊಲಿಯುವಂಥದ್ದು, ಹಲ್ಲಲ್ಲಿ ಕಚ್ಚಿ ಎಳೆದರೆ ಹಲ್ಲೇ ಅಲ್ಲಾಡಬೇಕು. ಅದೂ ಒಂದಲ್ಲ, ಎರಡು ಸಾಲು.

ಈ ಕಿಟಕಿ ಅಂದರೇನು ಅಂತ ಮೊದಲು ಹೇಳಿಬಿಡಬೇಕು. ಮೂವತ್ತಡಿ ಅಗಲದ ಪರದೆಯಲ್ಲಿ ಒಂಬತ್ತು ಕಡೆ ಅರ್ಧಚಂದ್ರದ ಆಕಾರದಲ್ಲಿ ಬಟ್ಟೆ ಕತ್ತರಿಸಿರುತ್ತಿದ್ದರು, ಒಂದೊಂದೂ ತೋಳುದ್ದ. ಮೇಲಿನ ಸಾಲಲ್ಲಿ ಮೂರು, ನಡುವೆ ಮೂರು, ಕೆಳಗೆ ಮೂರು. ಪರದೆಯ ಮೇಲೆ ಬರೆದ ಚಿತ್ರ ಕೆಡಬಾರದಲ್ಲ, ಅದಕ್ಕೆ ಆ ಸೀಳುಗಳನ್ನು ಒಂದೆಳೆ ದಾರದಲ್ಲಿ ಮತ್ತೆ ಮುಚ್ಚಿಬಿಡುತ್ತಿದ್ದರು. ಅತ್ತೆ ಇಪ್ಪತ್ತೆರಡು ವರ್ಷ ಹಾಗೇ ಹೊಲಿದಳು. ಪ್ರತಿ ವರ್ಷವೂ ಸಾಯಂಕಾಲ ಗಾಳಿ ಎದ್ದ ಕೂಡಲೇ ಒಂದೋ ಎರಡೋ ಕಿಟಕಿ ಪಟ್ ಅಂತ ಬಿಚ್ಚಿಕೊಂಡು, ಬಟ್ಟೆಯ ನಾಲಿಗೆ ಹೊರಗೆ ಬಿದ್ದು ಪಟಪಟ ಬಡಿಯುತ್ತಿತ್ತು. ಜನ ಬಿದ್ದು ಬಿದ್ದು ನಗುತ್ತಿದ್ದರು. ಆ ಊರಲ್ಲಿ ಯಾರ ಅಂಗಿಯ ಗುಂಡಿ ಕಿತ್ತರೂ, ಯಾರ ಚೀಲದ ತಳ ಬಿಟ್ಟರೂ "ಅತ್ತೆ ಹೊಲಿಗೆ" ಅನ್ನುವ ಮಾತು ಹುಟ್ಟಿಕೊಂಡಿತ್ತು. ಸೊಸೆ ಮದುವೆಯಾಗಿ ಬಂದ ಮರುವರ್ಷದಿಂದ ಹನ್ನೆರಡು ವರ್ಷ ಇದನ್ನು ಕೇಳಿಸಿಕೊಂಡಿದ್ದಳು. ಹೊಸ ಬಟ್ಟೆ ಹೊಲಿಯಲು ಕೊಡುವವರು ಒಂದು ಸಲ ಮುಗುಳ್ನಕ್ಕು, "ಗಟ್ಟಿಯಾಗಿ ಹಾಕ್ತೀರಲ್ಲ?" ಎಂದು ಕೇಳಿದಾಗಲೆಲ್ಲ ಅವಳಿಗೆ ಮೈಯೆಲ್ಲ ಉರಿದುಹೋಗುತ್ತಿತ್ತು.

ಅತ್ತೆ ಮಾತ್ರ ನಕ್ಕವರಿಗೆ ಒಂದು ದಿನವೂ ತಿರುಗಿ ಉತ್ತರ ಕೊಟ್ಟವಳಲ್ಲ. ಹತ್ತಿ ದಾರವೇ ಯಾಕೆ ಎಂದು ಸೊಸೆ ಕೇಳಿದ್ದಕ್ಕೆ "ಅದಕ್ಕೆ ಅದೇ ಹಾಕೋದು" ಅಂದು ಸುಮ್ಮನಾಗಿದ್ದಳು. ಕೆಲಸ ಗೊತ್ತಿರುವವರ ಹಣೆಬರಹವೇ ಇಷ್ಟು, ಕೈ ಹೇಳುವುದನ್ನು ಬಾಯಿ ಹೇಳುವುದಿಲ್ಲ. ಅವತ್ತು ಎರಡು ಮಾತು ಬಿಡಿಸಿ ಹೇಳಿದ್ದರೆ ಅವಳ ಗಂಟೇನು ಹೋಗುತ್ತಿತ್ತೋ. ಸೊಸೆ ಅದನ್ನು ಮುದುಕಿಯ ಜಿಪುಣತನ ಅಂದುಕೊಂಡಳು.

ಈ ವರ್ಷ ಪರದೆಯ ಕೆಲಸ ಪೂರ್ತಿಯಾಗಿ ಸೊಸೆಯ ಕೈಗೆ ಬಂದಿತ್ತು. ಮೇಳದ ಸಮಿತಿಯ ಅಧ್ಯಕ್ಷ ಬಟ್ಟೆ ಕೊಡಲು ತಾನೇ ಬಂದಿದ್ದ. ಮೈಕು ಕೈಗೆ ಸಿಕ್ಕರೆ ಕೆಳಗಿಡದ ಮನುಷ್ಯ, ಹಾಗಾಗಿ ಊರೆಲ್ಲ ಅವನನ್ನು ಮೈಕಣ್ಣ ಅಂತಲೇ ಕರೆಯುತ್ತಿತ್ತು. "ಈ ಸಲ ಡ್ರಾಯಿಂಗ್ ಮೇಷ್ಟ್ರು ದೊಡ್ಡ ಹಕ್ಕಿ ಬರೀತಾರಮ್ಮ. ವಿಡಿಯೋನೂ ತೆಗೆಸ್ತಿದ್ದೀವಿ. ಹಕ್ಕಿ ಹೊಟ್ಟೆ ಬಿಚ್ಕೊಂಡು ನಮ್ಮ ಮರ್ಯಾದೆ ತೆಗೀಬಾರದು ನೋಡಿ" ಅಂದಿದ್ದ. ಅಷ್ಟು ಸಾಕಾಯಿತು. ಸೊಸೆ ಅವತ್ತೇ ನೈಲಾನಿನ ರೀಲು ತಂದಳು. ಸೂಜಿಗೆ ದಾರ ಪೋಣಿಸಿಕೊಟ್ಟಿದ್ದು ಹನ್ನೊಂದು ವರ್ಷದ ಮಗಳು. ವಯಸ್ಸಿಗೆ ಮೀರಿ ಉದ್ದಕ್ಕೆ ಬೆಳೆದು ಕೊಕ್ಕರೆ ಅನ್ನಿಸಿಕೊಂಡ ಹುಡುಗಿ ಅವಳು.

"ಅಮ್ಮ, ಇದು ಬ್ಯಾಗ್ ದಾರ ಅಲ್ವಾ?"

"ಅಜ್ಜಿ ಹತ್ರ ಹೇಳ್ಬೇಡ" ಅಂದಳು ಸೊಸೆ. ಕೊಕ್ಕರೆ ಹೇಳಲಿಲ್ಲ.

ಮೇಳದ ದಿನ ಬೆಳಿಗ್ಗೆ ಬಯಲಲ್ಲಿ ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ಶಾಲೆಯ ಹಿಂಗೋಡೆಗೂ ನೀರಿನ ಟ್ಯಾಂಕಿಗೂ ನಡುವಿನ ಆ ಬಯಲಿಗೆ ಸ್ವಯಂಸೇವಕರು ಏಳಕ್ಕೇ ಬಂದು ಸೇರಿದ್ದರು. ಎಲ್ಲರಿಗೂ ಹಳದಿ ಟೋಪಿ, ಕೊರಳಿಗೊಂದು ಚೀಟಿ. ಔಷಧಿ ಅಂಗಡಿಯವನು ನೀರಿನ ಡ್ರಮ್ಮಿನ ಹತ್ತಿರ, ಅಂಚೆಯವನು ಗೇಟಿನಲ್ಲಿ, ನರ್ಸಮ್ಮ ಪ್ರಥಮ ಚಿಕಿತ್ಸೆಯ ಮೇಜಿನ ಹಿಂದೆ. ಸೊಸೆಯ ಪಾಲಿಗೆ ಬಂದದ್ದು ಹಾಡುವವರು ಬಟ್ಟೆ ಸರಿಮಾಡಿಕೊಳ್ಳುವ ಡೇರೆ. ಪಿನ್ನು, ಸೂಜಿ, ದೊಡ್ಡ ಕತ್ತರಿ, ಎಲ್ಲ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿಟ್ಟುಕೊಂಡು ಬಂದಿದ್ದಳು. ಅತ್ತೆಯ ಕೊರಳ ಚೀಟಿಯಲ್ಲಿ "ಪರದೆ" ಎಂದಷ್ಟೇ ಬರೆದಿತ್ತು. ಪ್ರತಿ ವರ್ಷವೂ ಅವಳು ಪರದೆಯ ಹಿಂದೆ ಒಂದು ಸ್ಟೂಲು ಹಾಕಿಸಿಕೊಂಡು ಕೂರುತ್ತಿದ್ದಳು. ಮುದುಕಿಗೆ ಏನಾದರೊಂದು ಕೆಲಸ ಕೊಟ್ಟ ಹಾಗೆ ಇರಲಿ ಅಂತ ಕೂರಿಸಿದ್ದಾರೆ ಎಂದು ಸೊಸೆ ತಿಳಿದಿದ್ದಳು.

ವೇದಿಕೆ ಬಡಗಿಯದು. ಅವನೂ ಅತ್ತೆಯ ಕಾಲದವನೇ, ಮೊದಲ ವರ್ಷದಿಂದಲೂ ಕಂಬ ನೆಡುತ್ತಿದ್ದವನು. ಎರಡು ದೊಡ್ಡ ಕಂಬ, ಮೇಲೊಂದು ಅಡ್ಡತೊಲೆ, ಆ ಚೌಕಟ್ಟಿಗೆ ಪರದೆಯನ್ನು ಹಗ್ಗದಲ್ಲಿ ಬಿಗಿದು ಕಟ್ಟಿದ. ಹಕ್ಕಿ ರೆಕ್ಕೆ ಬಿಚ್ಚಿ ನಿಂತಿತು. ಮೈಕಣ್ಣ ಕೆಳಗೆ ನಿಂತು ನೋಡಿ, "ಏನ್ ಹೊಲಿಗೆ ರೀ, ಒಂದು ಗೆರೆ ಕಾಣ್ತಿಲ್ಲ" ಅಂದ. ಸೊಸೆಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಹನ್ನೆರಡು ವರ್ಷದ ನಗೆಗೆ ಇವತ್ತು ಉತ್ತರ ಕೊಟ್ಟೆ ಅನ್ನಿಸಿತು ಅವಳಿಗೆ. ಆ ಹೆಮ್ಮೆಯನ್ನು ತಪ್ಪು ಅನ್ನಲು ನಮಗೆ ಬಾಯಿ ಬರುವುದಿಲ್ಲ.

ಮೂರು ಗಂಟೆಯವರೆಗೆ ಎಲ್ಲ ಸುಸೂತ್ರ. ಕ್ಷೌರದಂಗಡಿಯವನು ಕ್ಲಾರಿನೆಟ್ ನುಡಿಸಿದ, ನರ್ಸುಗಳ ತಂಡ ಹಾಡಿತು, ಬಸ್ ಡ್ರೈವರುಗಳ ತಂಡ ಹಾಡುವ ಬದಲು ಕೂಗಿತು. ಆಮೇಲೆ ಬಿಸಿಲಿನ ಬಣ್ಣ ಬದಲಾಯಿತು. ಟ್ಯಾಂಕಿನ ಆಚೆ ಆಕಾಶ ತಾಮ್ರದ ಹಂಡೆಯ ತಳದ ಹಾಗೆ ಕಪ್ಪುಗಟ್ಟಿತ್ತು. ಟ್ಯಾಂಕಿನ ಮೇಲೆ ಕೂತಿರುತ್ತಿದ್ದ ಪಾರಿವಾಳಗಳು ಒಂದೂ ಕಾಣಲಿಲ್ಲ.

ನಾಲ್ಕೂವರೆಗೆ ಮೊದಲ ಗಾಳಿ ಬಂತು. ಅಂಚೆಯವನ ಹಳದಿ ಟೋಪಿ ಹಾರಿತು, ಜನ ನಕ್ಕರು. ಎರಡನೆಯದು ಬಂದಾಗ ಬೀದಿಯಾಚೆ ಸೈಕಲ್ ಅಂಗಡಿಯ ತಗಡಿನ ಬೋರ್ಡು ಗಡಗಡ ಅಂದಿತು. ಯಾರೂ ನಗಲಿಲ್ಲ, ಆದರೆ ಯಾರೂ ಏಳಲೂ ಇಲ್ಲ. ಪರದೆ ಒಮ್ಮೆ ಉಬ್ಬಿ, ಹಾಗೇ ಉಬ್ಬಿಕೊಂಡೇ ನಿಂತಿತು. ಹಕ್ಕಿಯ ಹೊಟ್ಟೆ ಮುಂದಕ್ಕೆ ಬಂತು. ಕಂಬಗಳ ಬುಡದಲ್ಲಿ ಎಲ್ಲೋ ಮರ ಕಿರ್ರ್ ಅಂದಿತು. ಮುಂದಿನದು ಮಕ್ಕಳ ಗಾಯನ. ಮೂವತ್ತನಾಲ್ಕು ಮಕ್ಕಳು, ಮೂರು ಸಾಲು ಬೆಂಚು, ಉದ್ದ ಇದ್ದವರು ಹಿಂದೆ. ಕೊಕ್ಕರೆಯ ಜಾಗ ಹಿಂದಿನ ಬೆಂಚಿನ ನಡುವೆ, ಪರದೆಗೆ ಬೆನ್ನು ತಾಗುವಷ್ಟು ಹತ್ತಿರ.

ಸೊಸೆ ಬಡಗಿಯ ಹತ್ತಿರ ಹೋದಳು. ಅವನು ವೇದಿಕೆಯ ಮೆಟ್ಟಿಲ ಮೇಲೆ ಕೂತು ಟೀ ಕುಡಿಯುತ್ತಿದ್ದ.

"ಗಾಳಿ ಜಾಸ್ತಿ ಆಗ್ತಿಲ್ವಾ?"

"ಆಗಿಲ್ಲ. ಆಗಿದ್ರೆ ನಿಮ್ಮತ್ತೆ ಹೇಳ್ತಿದ್ರು."

"ಅವರಿಗೆ ಕಣ್ಣೇ ಕಾಣಲ್ಲ."

"ಬಾಯಲ್ಲಿ ಹೇಳೋದಲ್ಲಮ್ಮ" ಎಂದು ಬಡಗಿ ನಕ್ಕ. "ಕಿಟಕಿಗಳ ಕೈಲಿ ಹೇಳಿಸ್ತಾರೆ. ಮೊದಲನೇ ವರ್ಷ ಇದೇ ಬಯಲಲ್ಲಿ ಪರದೆ ಗಾಳಿ ಕುಡಿದು ಕಂಬ ಮುರೀತು. ಯಾರಿಗೂ ಏನೂ ಆಗಲಿಲ್ಲ, ನಮ್ಮ ಪುಣ್ಯ. ಅವತ್ತು ನಾವಿಬ್ರೂ ಕೂತು ಮಾತಾಡಿ ಮಾಡಿದ್ದು ಇದು. ಒಂದೆಳೆ ಹತ್ತಿ ದಾರ, ಎಷ್ಟು ಗಾಳಿಗೆ ಹರಿಬೇಕೋ ಅಷ್ಟಕ್ಕೇ ಹರಿಯುತ್ತೆ. ಒಂದು ಬಿಚ್ಚಿದ್ರೆ ನಾನು ಟೀ ಕೆಳಗಿಡ್ತೀನಿ. ಎರಡು ಬಿಚ್ಚಿದ್ರೆ ಹಗ್ಗ ನೋಡ್ತೀನಿ. ಮೂರನೇದು ಬಿಚ್ತು ಅಂದ್ರೆ ಯಾರೇ ಹಾಡ್ತಿರಲಿ, ವೇದಿಕೆ ಖಾಲಿ. ಜನ ನಗ್ತಾರೆ, ನಗಲಿ ಬಿಡಿ."

ಅವನು ಪರದೆಯ ಕಡೆ ಕಣ್ಣು ಹಾಯಿಸಿದ. "ಈ ಸಲ ಇನ್ನೂ ಒಂದೂ ಬಿಚ್ಚಿಲ್ಲ. ನೋಡೋಕೆ ಜೋರಿದೆ, ಆದ್ರೆ ಗಾಳೀಲಿ ದಮ್ಮಿಲ್ಲ."

ಇಪ್ಪತ್ತೆರಡು ವರ್ಷ ಊರು ನಕ್ಕಿದ್ದು ಯಾವುದಕ್ಕೆ, ತಾನು ಎರಡು ಸಾಲು ಹಾಕಿ ಬಿಗಿದಿದ್ದು ಯಾವುದನ್ನು ಎಂದು ಸೊಸೆಗೆ ಒಂದೇ ಉಸಿರಿಗೆ ತಿಳಿದುಹೋಯಿತು. ಆ ಕಿಟಕಿಗಳು ಇವತ್ತು ಬಿಚ್ಚುವುದಿಲ್ಲ. ಕಂಬ ಮುರಿದರೂ ಬಿಚ್ಚುವುದಿಲ್ಲ. ಇದು ಗೊತ್ತಿದ್ದವಳು ಆ ಬಯಲಲ್ಲಿ ಅವಳೊಬ್ಬಳೇ. ಹೇಳಬೇಕು, ಈಗಲೇ ಹೇಳಬೇಕು ಅಂತ ಬಾಯಿ ತೆರೆದಳು.

ಅಷ್ಟರಲ್ಲಿ ಮೈಕಣ್ಣನ ದನಿ ಬಯಲು ತುಂಬಿತು. "ಮಕ್ಕಳು ವೇದಿಕೆಗೆ ಬರಲಿ. ಹಾಂ, ಇನ್ನೊಂದು ಮಾತು. ಎಲ್ರೂ ಪರದೆ ನೋಡಿ. ಇಷ್ಟು ಗಾಳಿ ಬೀಸ್ತಿದ್ರೂ ಒಂದು ಹೊಲಿಗೆ ಕದಲಿಲ್ಲ. ಈ ಸಲ ಇದು ಅತ್ತೆ ಹೊಲಿಗೆ ಅಲ್ಲ, ಸೊಸೆ ಹೊಲಿಗೆ. ಚಪ್ಪಾಳೆ."

ಚಪ್ಪಾಳೆ ಬಿತ್ತು. ವಿಡಿಯೋದವನು ಕ್ಯಾಮರಾ ತಿರುಗಿಸಿದ. ಬಡಗಿಯೂ ಟೀ ಲೋಟ ಮಡಿಲಲ್ಲಿಟ್ಟುಕೊಂಡು ಅವಳ ಮುಖ ನೋಡಿ ಎರಡು ತಟ್ಟು ತಟ್ಟಿದ. ಸೊಸೆ ನಕ್ಕಳು. ಹೇಳಲು ಬಂದದ್ದನ್ನು ಹೇಳದೆ ಬಿಟ್ಟಳು. ಯಾರಿಗೂ ಗೊತ್ತಾಗದ ಹಾಗೆ ನಾನೇ ಸರಿಮಾಡಿಬಿಡುತ್ತೇನೆ, ಮೂರು ಕಿಟಕಿ ತಾನೇ, ಎಂದು ಅವಳ ಮನಸ್ಸು ಅವಳಿಗೇ ಮಂಕುಬೂದಿ ಎರಚಿತು. ಡೇರೆಗೆ ಓಡಿ ಡಬ್ಬಿಯಿಂದ ಕತ್ತರಿ ತೆಗೆದುಕೊಂಡು ಪರದೆಯ ಹಿಂದಕ್ಕೆ ಹೋದಳು. ಮುಂದೆ ಮಕ್ಕಳು ಬೆಂಚು ಹತ್ತುವ ಸದ್ದು ಕೇಳಿಸುತ್ತಿತ್ತು.

ಪರದೆಯ ಹಿಂದೆ ಬೇರೆಯೇ ಲೋಕ. ಅಲ್ಲಿ ಹಾಡಿಲ್ಲ, ಚಪ್ಪಾಳೆಯಿಲ್ಲ, ಗಾಳಿಯೊಂದೇ. ಬಟ್ಟೆ ಮುಂದಕ್ಕೆ ಬಾಗಿ ನಡುಗುತ್ತಿತ್ತು. ಅತ್ತೆ ಸ್ಟೂಲಿನಿಂದ ಎದ್ದು ನಿಂತು, ಕೆಳಸಾಲಿನ ಒಂದು ಕಿಟಕಿಯ ಮೇಲೆ ಅಂಗೈ ಊರಿದ್ದಳು. ಇನ್ನೊಂದು ಕೈಯಲ್ಲಿ ಹೊಲಿಗೆ ಬಿಚ್ಚುವ ಪುಟ್ಟ ಕೊಕ್ಕೆ. ಹೊಲಿಗೆಯನ್ನು ಮುಟ್ಟಿ ಮುಟ್ಟಿ ಒಂದೊಂದೇ ದಾರ ಮೀಟುತ್ತಿದ್ದಳು. ಒಂದು ಗೇಣಿನಷ್ಟು ಬಿಚ್ಚಿತ್ತು.

"ಬಂದ್ಯಾ" ಅಂದಳು. ಹೆಜ್ಜೆಯಿಂದಲೇ ಗುರುತು. "ಇದು ಹತ್ತಿ ಅಲ್ಲ ಕಣೇ."

"ಅಲ್ಲ ಅತ್ತೆ."

"ಕೂಗಿ ಕೂಗಿ ಸಾಕಾಯ್ತು. ಯಾರಿಗೂ ಕೇಳಿಸ್ಲಿಲ್ಲ. ಕತ್ತರಿ ತಂದಿದ್ದೀಯಾ?"

"ಹೂಂ."

"ಹೋಗಿ ಬಡಗಿಗೆ ಹೇಳು ಮೊದಲು."

"ಕತ್ತರಿಸ್ಬಿಡ್ತೀನಿ ಅತ್ತೆ, ಒಂದು ನಿಮಿಷ" ಅಂದಳು ಸೊಸೆ. ಮುಂದೆ ಮಕ್ಕಳು ಹಾಡಲು ಶುರುಮಾಡಿದ್ದರು.

ಒಂದು ನಿಮಿಷದ ಕೆಲಸ ಆಗಿರಲಿಲ್ಲ ಅದು. ಅವಳ ಹೊಲಿಗೆಯಲ್ಲವೇ. ಒಂದು ಸಾಲು ಕತ್ತರಿಸಿದರೆ ಇನ್ನೊಂದು ಸಾಲು ಹಲ್ಲು ಕಚ್ಚಿ ಹಿಡಿದಿತ್ತು. ಕತ್ತರಿಯ ಬಾಯಿಗೆ ನೈಲಾನು ಜಾರುತ್ತಿತ್ತು, ಬಿಗಿದ ಬಟ್ಟೆ ಕೈಯನ್ನು ಆಚೆ ತಳ್ಳುತ್ತಿತ್ತು. ಜೀವಮಾನದಲ್ಲಿ ಮೊದಲ ಸಲ ತನ್ನ ಕೈಗೆಲಸ ಗಟ್ಟಿಯಾಗಿದೆಯಲ್ಲ ಎಂದು ಅವಳಿಗೆ ಅಳು ಬಂತು. ಮೊದಲ ಕಿಟಕಿ ಬಿಚ್ಚಿ ಬಟ್ಟೆಯ ನಾಲಿಗೆ ಮುಂದಕ್ಕೆ ಹಾರಿತು. ಎರಡನೆಯದನ್ನು ಅತ್ತೆ ಅರ್ಧ ಬಿಚ್ಚಿದ್ದಳು, ಸೊಸೆ ಉಳಿದದ್ದನ್ನು ಕತ್ತರಿಸಿದಳು. ಆ ಸೀಳಿನಲ್ಲಿ ಒಂದು ಜಡೆ ಕಂಡಿತು. ಬೆಳಿಗ್ಗೆ ತಾನೇ ಹೆಣೆದ ಜಡೆ, ನೀಲಿ ರಿಬ್ಬನ್ನು. ಬೆನ್ನಿಗೆ ಗಾಳಿ ಬಡಿದದ್ದಕ್ಕೆ ಕೊಕ್ಕರೆ ಹಾಡುತ್ತಲೇ ಹಿಂತಿರುಗಿ ನೋಡಿದಳು. ಕತ್ತರಿ ಹಿಡಿದ ಅಮ್ಮ ಕಂಡಳು. ಅವಳ ಬಾಯಿ ಹಾಡು ಮರೆತು ತೆರೆದೇ ಉಳಿಯಿತು.

"ಇಳಿ. ಕೆಳಗಿಳಿ" ಅಂದಳು ಸೊಸೆ. ಗಾಳಿಗೆ ಅವಳ ಮಾತು ಅವಳಿಗೇ ಕೇಳಿಸಲಿಲ್ಲ.

ಮೂರನೆಯ ಕಿಟಕಿ ಬಿಚ್ಚಿತು. ಬಿಚ್ಚಿದ ಮರುಕ್ಷಣ ಮುಂದಿನಿಂದ ಬಡಗಿಯ ಸೀಟಿ ಕೇಳಿತು, ಉದ್ದಕ್ಕೆ, ಒಂದೇ ಸಮನೆ. ಹಾಡು ನಿಂತಿತು. "ಇನ್ನೂ ಒಂದು ಚರಣ ಇದೆಯಲ್ರೀ" ಎಂದು ಮೈಕಣ್ಣ ಮೈಕಿನಲ್ಲೇ ಗೊಣಗಿದ. ಬಡಗಿ ಅದನ್ನು ಕಿವಿ ಮೇಲೆ ಹಾಕಿಕೊಳ್ಳದೆ ಮಕ್ಕಳನ್ನು ರಟ್ಟೆ ಹಿಡಿದು ಇಳಿಸುತ್ತಿದ್ದ. ಮೊದಲ ಸಾಲು, ಎರಡನೆಯ ಸಾಲು, ಆಮೇಲೆ ಹಿಂದಿನದು. ಸೀಳಿನಲ್ಲಿ ನೀಲಿ ರಿಬ್ಬನ್ನು ಸರಿದು ಮಾಯವಾದದ್ದನ್ನು ಸೊಸೆ ನೋಡಿದಳು.

ಆಗ ಎಡಗಡೆಯ ಕಂಬ ಬುಡದಲ್ಲಿ ಮುರಿಯಿತು. ಹಿಂದೆ ನಿಂತ ಇಬ್ಬರಿಗೂ ಏನೂ ಆಗಲಿಲ್ಲ. ಪರದೆ ಅವರ ಕೈಯಿಂದ ಕಿತ್ತುಕೊಂಡು ಎದ್ದು, ಚೌಕಟ್ಟಿನ ಸಮೇತ ಮುಂದಕ್ಕೆ ಬಿತ್ತು. ಇದ್ದಕ್ಕಿದ್ದಂತೆ ಎದುರಿಗೆ ಇಡೀ ಬಯಲು, ಎದ್ದು ನಿಂತ ಸಾವಿರ ಜನ. ಬೆಂಚುಗಳ ಮೇಲೆ ಅಡ್ಡತೊಲೆ ಬಿದ್ದಿತ್ತು. ಹಿಂದಿನ ಬೆಂಚು ನಡುವೆ ಎರಡು ತುಂಡಾಗಿತ್ತು. ಕೊನೆಯ ಮಗುವನ್ನು ಮೆಟ್ಟಿಲಿಗೆ ತಳ್ಳಿ, ಯಾರಾದರೂ ಉಳಿದಿದ್ದಾರೋ ನೋಡಲು ತಿರುಗಿದ್ದ ಬಡಗಿ ತೊಲೆಯ ಕೆಳಗಿದ್ದ.

ಹತ್ತು ನಿಮಿಷಕ್ಕೆ ಗಾಳಿ ನಿಂತುಹೋಯಿತು, ಏನೂ ಅರಿಯದ ಹಾಗೆ. ಬಡಗಿಯ ಭುಜ ಮತ್ತು ತೊಡೆಯ ಮೂಳೆ ಮುರಿದಿದೆ, ಜೀವಕ್ಕೆ ಭಯವಿಲ್ಲ ಅಂದಳು ನರ್ಸಮ್ಮ. ಶಾಲೆಯ ಒಂದು ಬಾಗಿಲನ್ನೇ ಕಿತ್ತು ಅದರ ಮೇಲೆ ಮಲಗಿಸಿ ವ್ಯಾನಿಗೆ ಏರಿಸುವಾಗ ಅತ್ತೆ ತಡವರಿಸುತ್ತ ಬಂದು ಅವನ ಕೈ ಹಿಡಿದಳು. "ಈ ಸಲ ತಡವಾಯ್ತಲ್ಲ" ಎಂದ ಬಡಗಿ. ಬೈಗುಳದ ದನಿಯಲ್ಲ ಅದು, ಅರ್ಥವಾಗದವನ ದನಿ. ಹತ್ತು ನಿಮಿಷ ಮೊದಲು ತಾನು ಬಾಯಿ ಬಿಟ್ಟಿದ್ದರೆ ಇವನು ಈಗ ತನ್ನ ಕಾಲ ಮೇಲೆ ನಿಂತಿರುತ್ತಿದ್ದ ಎಂದು ಸೊಸೆಗೆ ಗೊತ್ತಿತ್ತು.

ಮೈಕಣ್ಣ, ಅಂಚೆಯವನು, ಔಷಧಿ ಅಂಗಡಿಯವನು, ಎಲ್ಲ ಪರದೆಯ ಸುತ್ತ ನಿಂತಿದ್ದರು. ಅಂಚೆಯವನು ಬಗ್ಗಿ ದಾರದ ಒಂದು ತುಣುಕು ಎತ್ತಿದ. ಎಳೆದು ನೋಡಿದ. "ಇದು ನೈಲಾನು. ಪ್ರತಿ ವರ್ಷ ಇದಿರ್ತಿರಲಿಲ್ಲ. ಬಟ್ಟೆ ಸ್ವಲ್ಪ ಹರಿದಿದ್ರೂ ಕಂಬ ಉಳೀತಿತ್ತು. ಯಾರು ಹಾಕಿದ್ದು ಇದನ್ನ?"

"ನಾನು" ಅಂದಳು ಅತ್ತೆ, ಯಾರೂ ಉಸಿರು ಬಿಡುವ ಮೊದಲೇ. "ಕಿಟಕಿ ಯಾವತ್ತೂ ನಾನೇ ಮುಚ್ಚೋದಲ್ವಾ. ಕಣ್ಣು ಕಾಣಲ್ಲ. ರೀಲು ಬದಲಾಗಿಬಿಡ್ತು."

ಎಲ್ಲರೂ ಮುದುಕಿಯನ್ನು ನೋಡಿದರು. ಸೊಸೆ ನೆಲ ನೋಡಿದಳು. ಸುಮ್ಮನಿದ್ದರೆ ಮುಗಿಯಿತು, ಎಲ್ಲ ಅಲ್ಲಿಗೇ ಮುಗಿಯಿತು. ಕೊಕ್ಕರೆ ಪಕ್ಕದಲ್ಲಿ ನಿಂತು ಕತ್ತೆತ್ತಿ ಅವಳನ್ನೇ ನೋಡುತ್ತಿದ್ದಳು.

"ಅಲ್ಲ" ಅಂದಳು ಸೊಸೆ. "ನಾನೇ ಹಾಕಿದ್ದು. ಅತ್ತೆ ಬೇಡ ಅಂದಿದ್ರು. ಬೇಕಂತಲೇ ಹಾಕಿದೆ, ಅವರಿಗೆ ಸುಳ್ಳು ಹೇಳಿದೆ."

ಮೈಕಣ್ಣನ ಕಣ್ಣಲ್ಲಿ ನೀರು ಬಂತು. "ನೋಡ್ರಪ್ಪ" ಅಂದ, ಮೈಕಿಲ್ಲದೆಯೂ ಎಲ್ಲರಿಗೂ ಕೇಳುವಂತೆ. "ಸೊಸೆ ಅಂದ್ರೆ ಹೀಗಿರ್ಬೇಕು. ಅತ್ತೆ ಮಾಡಿದ ತಪ್ಪನ್ನ ತನ್ನ ತಲೆ ಮೇಲೆ ಹಾಕೊಳ್ತಿದ್ದಾಳೆ."

"ಇಲ್ಲ, ನಿಜವಾಗ್ಲೂ ನಾನೇ."

"ಗೊತ್ತಮ್ಮ, ಗೊತ್ತು. ಬಿಟ್ಟುಕೊಡ್ಬೇಡಿ ಅವರನ್ನ. ಒಳ್ಳೇ ಮನಸ್ಸು ನಿಮ್ಮದು."

ಅವಳು ಎಷ್ಟು ಹೇಳಿದಳೋ ಅಷ್ಟೂ ಅವಳ ಒಳ್ಳೆಯತನದ ಲೆಕ್ಕಕ್ಕೇ ಸೇರಿತು. ಔಷಧಿ ಅಂಗಡಿಯವನು ಅವಳಿಗೆ ಕೈ ಮುಗಿದ. ಅತ್ತೆ ಅವಳ ಮೊಣಕೈ ಹಿಡಿದು ಪಕ್ಕಕ್ಕೆಳೆದಳು. "ಸಾಕು ಬಿಡು. ನಂಗಿನ್ನು ಯಾರು ಬಟ್ಟೆ ಕೊಡ್ತಾರೆ? ನಿಂಗೆ ಕೊಡ್ಬೇಕು. ಮನೆ ನಡೀಬೇಕು" ಎಂದು ಮೆಲ್ಲಗೆ ಹೇಳಿದಳು. ಜೀವನವಿಡೀ ಮಾತು ಉಳಿಸಿಕೊಂಡವಳು ಆಡಿದ ಮಾತು ಇದು.

ಮೈಕಣ್ಣ ಆಗಲೇ ಮುಂದಿನ ವರ್ಷಕ್ಕೆ ಹೋಗಿದ್ದ. "ಇನ್ಮೇಲೆ ಈ ಹೊಲಿಗೆ ಗಿಲಿಗೆ ಬೇಡ. ಒಂದೇ ಪ್ಲಾಸ್ಟಿಕ್ ಶೀಟು, ಅದರ ಮೇಲೇ ಹಕ್ಕಿ ಪ್ರಿಂಟು. ಕಂಬನೂ ಬಾಡಿಗೆಗೆ ತರಿಸೋಣ. ಹೊಲಿಗೆನೇ ಇಲ್ಲ ಅಂದ್ಮೇಲೆ ಬಿಚ್ಚೋ ಮಾತೆಲ್ಲಿ?"

"ಅದಕ್ಕೂ ಕಿಟಕಿ ಬೇಕು" ಅಂದಳು ಅತ್ತೆ. "ಇಲ್ದಿದ್ರೆ ಗಾಳಿ ಹೋಗೋದೆಲ್ಲಿ?"

"ಆಯ್ತಜ್ಜಿ" ಎಂದ ಮೈಕಣ್ಣ, ಕಣ್ಣು ಹೋದವರಿಗೆ ಕಿವಿಯೂ ಹೋಗಿರುತ್ತದೆ ಅನ್ನುವ ಹಾಗೆ ಗಟ್ಟಿಯಾಗಿ. "ನೀವು ಮನೆಗೆ ಹೋಗಿ ಮಲಗಿ."

"ಅವರು ಹೇಳೋದು ಸರಿ. ಬಡಗಿಯನ್ನ ಕೇಳಿ" ಅಂದಳು ಸೊಸೆ.

"ಪಾಪ, ಅವರಿಗಿನ್ನು ಈ ತೊಂದರೆ ಯಾಕೆ? ಅವರು ಇನ್ನೆಲ್ಲಿ ಕಂಬ ಹತ್ತಾರು?" ಮೈಕಣ್ಣ ಅವಳ ತಲೆ ಸವರಿದ. "ನೀವು ಮಾತ್ರ ಬಂಗಾರ ಕಣಮ್ಮ."

ಮೂವರೂ ಮನೆಯ ದಾರಿ ಹಿಡಿದರು. ಇನ್ನೂ ಬೆಳಕಿತ್ತು. ಬೀದಿಯಲ್ಲಿ ಹಳದಿ ಟೋಪಿಗಳು ಅಲ್ಲಲ್ಲಿ ಬಿದ್ದಿದ್ದವು. ಅತ್ತೆ ಮೊಮ್ಮಗಳ ಭುಜದ ಮೇಲೆ ಕೈಯಿಟ್ಟು ನಡೆಯುತ್ತಿದ್ದಳು, ಸೊಸೆ ಡಬ್ಬಿ ಎದೆಗೊತ್ತಿಕೊಂಡು ಹಿಂದೆ. ಸೈಕಲ್ ಅಂಗಡಿ ದಾಟಿದರು.

"ಟೀಚರ್ ಹೇಳಿದ್ರು, ಮುಂದಿನ ವರ್ಷಾನೂ ನಾನು ಹಿಂದಿನ ಬೆಂಚಂತೆ" ಅಂದಳು ಕೊಕ್ಕರೆ. "ನಾನೇ ಎಲ್ರಿಗಿಂತ ಉದ್ದ ಅಲ್ವಾ."

ಭುಜದ ಮೇಲಿದ್ದ ಅತ್ತೆಯ ಕೈ ಬಿಗಿಯಾಯಿತು.

"ಅಮ್ಮ, ಪ್ಲಾಸ್ಟಿಕ್ ಆದ್ರೆ ಬಿಚ್ಚೋದೇ ಇಲ್ಲ ಅಲ್ವಾ?"

ಸೊಸೆಗೆ ಈ ಸಲ "ಹೂಂ" ಅನ್ನಲು ಬಾಯಿ ಬರಲಿಲ್ಲ.

"ಬಿಚ್ಚಲ್ಲ" ಅಂದಳು ಅತ್ತೆ.